ಲೋಳೆ ಬಿಡದ ದುಂಡಾಣು ಮತ್ತು ಗಂಗಾಧರಸ್ವಾಮಿಯವರ ಹಠ

ಭತ್ತದ ದುಂಡಾಣು ಅಂಗಮಾರಿ ರೋಗದ ಅಧ್ಯಯನದಲ್ಲಿ ನಮ್ಮ ಸೀಮೆಯಿಂದ ಹೆಸರಿಸಬೇಕಾದವರು ಯಾರೆಂದು ಕೇಳಿದರೆ, ಸಸ್ಯರೋಗಶಾಸ್ತ್ರವನ್ನು ಅಷ್ಟಿಷ್ಟು ಬಲ್ಲ ಯಾರೇ ಆದರೂ ಡಾ. ಗಂಗಾಧರಸ್ವಾಮಿಯವರ ಹೆಸರನ್ನೇ ಮೊದಲು ಹೇಳುತ್ತಾರೆ; ಅವರ ಜೊತೆ ಕೆಲಸ ಮಾಡಿದವರಾಗಿದ್ದರೆ, ಹೇಳಿದ ಮೇಲೆ ಒಂದು ನಿಟ್ಟುಸಿರನ್ನೂ ಬಿಡುತ್ತಾರೆ. ಎಲೆಯ ಅಂಚಿನಲ್ಲಿ ಹಳದಿ ಗೆರೆಯಾಗಿ ಹುಟ್ಟಿ, ಗದ್ದೆಗೆ ಗದ್ದೆಯನ್ನೇ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸುವ ಆ ದುಂಡಾಣುವಿಗೆ, ಅಂದರೆ ಬ್ಯಾಕ್ಟೀರಿಯಾಕ್ಕೆ, ಅಷ್ಟು ಉಗ್ರತೆ ಎಲ್ಲಿಂದ ಬರುತ್ತದೆ, ಅದರ ಯಾವ ವಂಶವಾಹಿ ಕೆಟ್ಟರೆ ಅದು ಸಾಧುವಾಗುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿ, ತಾವೂ ಸುಮ್ಮನಿರದೆ ಪಕ್ಕದವರನ್ನೂ ಸುಮ್ಮನಿರಗೊಡದೆ ಸೇವಾವಧಿಯನ್ನೆಲ್ಲ ಸವೆಸಿದ ಈ ಮಹನೀಯರು ಇದೀಗ ನಿವೃತ್ತರಾಗಿದ್ದಾರೆ. ಅದರ ನೆನಪಿಗೆ ಹೊರಡುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ನಿಟ್ಟುಸಿರಿಗೆ ಜಾಗವಿಲ್ಲವೆಂದು ಸಂಪಾದಕ ಸಮಿತಿಯವರು ತಾಕೀತು ಮಾಡಿದ್ದಾರೆ. ಆದರೆ ಅದನ್ನು ಬಿಟ್ಟು ಇವರ ಬಗ್ಗೆ ಬರೆಯುವುದು ಉಪ್ಪು ಹಾಕದೆ ಸಾರು ಮಾಡಿದಂತೆಯೇ ಸರಿ.

ಶಿಷ್ಯವರ್ಗದಲ್ಲಿ ಇವರು ಅತಿ ಹೆಚ್ಚು ಗೋಳು ಹುಯ್ದುಕೊಂಡದ್ದು ಡಾ. ನಾಗಮಣಿಯವರನ್ನು. ಈ ಗ್ರಂಥಕ್ಕೆ ಲೇಖನ ಬರೆದುಕೊಡಿ ಎಂದು ಕೇಳಿದಾಗ ಆಕೆ, "ನಾನು ಬರೆದರೆ ಅದು ದೂರು ಆಗುತ್ತದೆ, ಅಭಿನಂದನೆ ಆಗಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಆದ್ದರಿಂದ ಆಕೆ ಕಂಡದ್ದನ್ನೂ ನುಂಗಿಕೊಂಡದ್ದನ್ನೂ ಇಲ್ಲಿ ಬೇರೆಯವರ ಕೈಯಿಂದ ಬರೆಸಲಾಗಿದೆ. ದೂರಿನ ವಾಸನೆ ಅಲ್ಲಲ್ಲಿ ಹೊಡೆದರೆ ಓದುಗರು ಸೈರಿಸಿಕೊಳ್ಳಬೇಕು.

ಗಂಗಾಧರಸ್ವಾಮಿಯವರು ಕುದೇರಿನ ಅನುಕೂಲಸ್ಥ ಕೃಷಿಕರಾದ ಚಿಕ್ಕಮಲ್ಲಪ್ಪನವರ ಮಗ. ಮನೆಯ ಗದ್ದೆಯಲ್ಲಿ ಭತ್ತದ ಗರಿ ಒಣಗಿದ್ದನ್ನು ಕಂಡು ಎಲ್ಲರೂ ದೇವರಿಗೆ ಹರಕೆ ಹೊತ್ತರೆ, ಇವರು ಗರಿ ಕಿತ್ತು ನೀರಿನಲ್ಲಿ ಅದ್ದಿ, ಕತ್ತರಿಸಿದ ತುದಿಯಿಂದ ಹೊಗೆಯಂತೆ ಇಳಿದ ಕೀವನ್ನು ನೋಡುತ್ತ ಕುಳಿತರಂತೆ. ಅಂದು ಕುಳಿತವರು ಏಳಲೇ ಇಲ್ಲ. ಓದು ಮುಗಿಸಿ, ಊರೂರು ಸುತ್ತಿ, ಕೊನೆಗೆ ಚಾಮರಾಜನಗರದ ಹೊರವಲಯದಲ್ಲಿದ್ದ ಭತ್ತದ ಸಂಶೋಧನಾ ಉಪಕೇಂದ್ರಕ್ಕೆ ಬಂದು ನೆಲೆ ನಿಂತರು. ನಾಗಮಣಿ ತಾತ್ಕಾಲಿಕ ಸಹಾಯಕಿಯಾಗಿ ಅವರ ಕೈಗೆ ಸಿಕ್ಕಿದ್ದು ತೊಂಬತ್ತೆರಡರಲ್ಲಿ. ಆಕೆ ಚಂದಕವಾಡಿಯವರು, ತಂದೆ ಮಹಾಲಿಂಗ, ತಾಯಿ ಗುರುಮಲ್ಲಮ್ಮ, ಇಬ್ಬರೂ ಬೇರೆಯವರ ಗದ್ದೆಗಳಲ್ಲಿ ನಾಟಿ, ಕುಯ್ಲು ಮಾಡಿ ಮಗಳನ್ನು ಓದಿಸಿದವರು. ಕೆಲಸ ಖಾಯಂ ಆಗಬೇಕಾದರೆ ಡಾಕ್ಟರೇಟ್ ಬೇಕಿತ್ತು, ಡಾಕ್ಟರೇಟ್ ಬೇಕಾದರೆ ಗಂಗಾಧರಸ್ವಾಮಿಯವರ ರುಜು ಬೇಕಿತ್ತು. ಆ ರುಜು ಎಷ್ಟು ದುಬಾರಿಯೆಂದು ಆಗ ಆಕೆಗೆ ಯಾರೂ ಹೇಳಲಿಲ್ಲ.

ಇವರ ಅಭ್ಯಾಸಗಳೋ, ಶಿವನೇ ಬಲ್ಲ! ಊಟದ ಡಬ್ಬಿಯೇ ಇವರ ಮಾದರಿ ಸಂಗ್ರಹದ ಪೆಟ್ಟಿಗೆ. "ಡಬ್ಬೀಲಿ ಅನ್ನ ಕಳಿಸ್ತೀನಿ, ಸಾಯಂಕಾಲ ಕೊಳೆತ ಗರಿ ವಾಪಸ್ ಬರ್ತದೆ. ತೊಳ್ಯೋಳು ನಾನು ಕಣವ್ವಾ" ಎಂದು ಶ್ರೀಮತಿ ಕರಿಬಸಮ್ಮನವರು ನಾಗಮಣಿಯ ಹತ್ತಿರ ಅದೆಷ್ಟು ಸಲ ಹೇಳಿಕೊಂಡಿದ್ದಾರೋ. ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ಕೆರೆ ಕೆಳಗಿನ ಗದ್ದೆಯಲ್ಲಿ ಒಂದು ಹಳದಿ ಗರಿ ಕಂಡರೆ ಸಾಕು, "ನಿಲ್ಸಯ್ಯಾ" ಎಂದು ಕೂಗಿ ಇಳಿದೇಬಿಡುವರು. ಬಸ್ಸು ತುಂಬಾ ಜನ, ಒಳಗೆ ತಲೆತಗ್ಗಿಸಿ ಕುಳಿತ ನಾಗಮಣಿ.

"ಏನಮ್ಮಾ, ಒಂದಕ್ಕೆ ಓದವ್ರು ಇನ್ನೂ ಬರ್ಲಿಲ್ವಲ್ಲ?" ಎಂದು ಕಂಡಕ್ಟರ್ ಗೊಣಗುತ್ತಿದ್ದ.

"ಒಂದಕ್ಕಲ್ಲ ಕಣಪ್ಪಾ, ಗರಿ ಕೀಳಕ್ಕೆ" ಎಂದು ಹೇಳಿ ಹೇಳಿ ಆಕೆಗೂ ಸಾಕಾಗಿಹೋಗಿತ್ತು.

ಬೈಗುಳಕ್ಕಂತೂ ಹೊತ್ತುಗೊತ್ತಿರಲಿಲ್ಲ. ಸೇರಿದ ಹೊಸದರಲ್ಲಿ ದಿನವೂ ಸಂಜೆ ನಾಲ್ಕಾಯಿತೆಂದರೆ, "ಈ ಹೊತ್ತಿನ ಮೇಲೆ ನೀನು ಮಾಡೋ ಕೆಲಸ ಒಂದೂ ನೆಟ್ಟಗಿರಲ್ಲ, ಓಗಮ್ಮಾ ಮನೆಗೆ" ಎಂದು ಗದರಿ ಕಳಿಸುತ್ತಿದ್ದರು. ತನ್ನ ಕೆಲಸ ಅಷ್ಟು ಕೆಟ್ಟದ್ದೇ ಎಂದು ಆಕೆ ಬಹಳ ಕಾಲ ಒಳಗೊಳಗೇ ಕುದಿದರು. ಚಂದಕವಾಡಿಯ ಕಡೆಗೆ ಬೆಳಕಿರುವಾಗ ಹೋಗುವ ಬಸ್ಸು ಆ ಹೊತ್ತಿನದೊಂದೇ ಎಂಬುದನ್ನೂ, ಆಕೆ ಬಿಟ್ಟುಹೋದ ನೀರು ಹಾಯಿಸುವ ಕೆಲಸವನ್ನು ಇವರೇ ಪಂಚೆ ಎತ್ತಿಕಟ್ಟಿ ಮಾಡುತ್ತಿದ್ದುದನ್ನೂ ಕಾವಲುಗಾರ ಲಿಂಗಯ್ಯ ಮಾತಿನ ನಡುವೆ ಹೇಳಿದಾಗ ಆಕೆಗೆ ತಿಳಿದದ್ದು. ಉಪಕಾರವನ್ನು ಉಪಕಾರದ ಹಾಗೆ ಮಾಡಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಆಕೆ ಇವತ್ತಿಗೂ ಕೇಳುತ್ತಾರೆ.

ಇನ್ನು ಕೆಲಸದ ವಿಚಾರ. ಈ ದುಂಡಾಣು ಗರಿಯ ಅಂಚಿನ ಸಣ್ಣ ರಂಧ್ರಗಳಿಂದಲೋ ಗಾಯದಿಂದಲೋ ಒಳಗೆ ನುಗ್ಗಿ, ನೀರು ಹರಿಯುವ ನಾಳಗಳನ್ನು ಸೇರಿಕೊಂಡು, ಅಲ್ಲಿ ಅಂಟುಅಂಟಾದ ಲೋಳೆಯನ್ನು ಸುರಿಸುತ್ತದೆ. ನಾಳ ಕಟ್ಟಿಕೊಂಡು ಗರಿ ತುದಿಯಿಂದ ಒಣಗುತ್ತ ಬರುತ್ತದೆ. ಹೊಸ ಭತ್ತದ ತಳಿಗೆ ಈ ರೋಗವನ್ನು ತಡೆಯುವ ಶಕ್ತಿ ಇದೆಯೇ ಎಂದು ನೋಡಲು, ದುಂಡಾಣು ಬೆರೆಸಿದ ನೀರಿನಲ್ಲಿ ಕತ್ತರಿ ಅದ್ದಿ ಗರಿಯ ತುದಿ ಕತ್ತರಿಸಿ, ಎರಡು ವಾರ ಬಿಟ್ಟು ಎಷ್ಟುದ್ದ ಒಣಗಿತೆಂದು ಅಳೆಯುತ್ತಾರೆ. ಪಕ್ಕದಲ್ಲೇ ರೋಗಕ್ಕೆ ಸುಲಭವಾಗಿ ತುತ್ತಾಗುವ ಒಂದು ಹಳೆಯ ಭತ್ತವನ್ನೂ ಹೋಲಿಕೆಗೆ ಇಟ್ಟಿರುತ್ತಾರೆ. ಉಪಕೇಂದ್ರದಲ್ಲಿ ಇದಕ್ಕೆಲ್ಲ ಬಳಸುತ್ತಿದ್ದದ್ದು ಕುದೇರಿನ ಗದ್ದೆಯಿಂದ ತಂದ ದುಂಡಾಣು. ಅದನ್ನು ಗಾಜಿನ ತಟ್ಟೆಯಲ್ಲಿ ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದ ಪಾಕದ ಮೇಲೆ ಬೆಳೆಸಿ, ತಿಂಗಳಿಗೊಮ್ಮೆ ತಟ್ಟೆಯಿಂದ ಹೊಸ ನಳಿಕೆಗೆ ದಾಟಿಸಿ ಜೀವಂತವಾಗಿಡುವ ಕೆಲಸ ನಾಗಮಣಿಯದು.

ನಾಗಮಣಿಯ ಅಚ್ಚುಕಟ್ಟುತನ ಉಪಕೇಂದ್ರಕ್ಕೆಲ್ಲ ಗೊತ್ತಿದ್ದ ವಿಷಯ. ಆಕೆಯ ಮೇಜಿನ ಮೇಲೆ ಒಂದು ಹನಿ ನೀರು ನಿಲ್ಲುವಂತಿರಲಿಲ್ಲ. ತಟ್ಟೆಯಲ್ಲಿ ದುಂಡಾಣುಗಳು ಹಳದಿ ಬೊಟ್ಟುಗಳಾಗಿ ಮೂಡಿದಾಗ ಕೆಲವು ಲೋಳೆಲೋಳೆಯಾಗಿ ಒಂದರ ಮೇಲೊಂದು ಹರಿದು ರಾಡಿಯಾಗಿರುತ್ತಿದ್ದವು. ಕೆಲವು ಮಾತ್ರ ಕುಂಕುಮದ ಬೊಟ್ಟಿನಂತೆ ದುಂಡಗೆ, ಒಣಗಿಕೊಂಡು, ಬೇರೆಬೇರೆಯಾಗಿ ನಿಂತಿರುತ್ತಿದ್ದವು. ಬೇರೆ ದುಂಡಾಣು ಬೆರೆಯದಂತೆ ಒಂಟಿ ಬೊಟ್ಟನ್ನೇ ಆರಿಸಬೇಕೆಂಬುದು ಪಾಠ. ಆಕೆ ತಿಂಗಳು ತಿಂಗಳೂ ಆ ಅಂದವಾದ ಬೊಟ್ಟನ್ನೇ ಆರಿಸಿದರು. ಎಲ್ಲಕ್ಕೂ ಕೊಂಕು ತೆಗೆಯುವ ಗಂಗಾಧರಸ್ವಾಮಿಯವರು ಕೂಡ ಆ ನಳಿಕೆಗಳನ್ನು ನೋಡಿ, "ಪರವಾಗಿಲ್ಲ" ಎಂದಿದ್ದರು. ಅವರ ಬಾಯಲ್ಲಿ ಅದು ಪದ್ಮಪ್ರಶಸ್ತಿಗೆ ಸಮ.

ಹೀಗೆ ಮೂರು ವರ್ಷ ಪರೀಕ್ಷೆ ನಡೆದು, ಸಾಲು ಸಂಖ್ಯೆಯಿಂದಲೇ ಕರೆಯುತ್ತಿದ್ದ ಹೊಸ ತಳಿಗಳಲ್ಲಿ ಹನ್ನೆರಡನೇ ಸಾಲಿನ ಭತ್ತ ಗೆದ್ದಿತು. ಕತ್ತರಿ ಹಾಕಿದರೂ ಅದರ ಗರಿ ಒಣಗಲೇ ಇಲ್ಲ. ಹೋಲಿಕೆಗೆ ಇಟ್ಟಿದ್ದ ಹಳೆಯ ಭತ್ತದ ಗರಿ ಒಣಗುತ್ತಿತ್ತು, ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆ. ಒಂದು ವರ್ಷ ಅದಕ್ಕೆ ಚಳಿ ಕಾರಣವೆಂದರು, ಇನ್ನೊಂದು ವರ್ಷ ಯೂರಿಯಾ ತಡವಾದದ್ದು ಕಾರಣವೆಂದರು. ಹಾಗೆಂದವರು ಬೇರೆ ಯಾರೂ ಅಲ್ಲ, ಗಂಗಾಧರಸ್ವಾಮಿಯವರೇ. ಕೇಂದ್ರದ ಮುಖ್ಯಸ್ಥರಾಗಿದ್ದ ರಾಜಶೇಖರ್ ಅವರಿಗೆ ಹೊಸ ತಳಿ ಬಿಡುಗಡೆ ಮಾಡುವ ಸಂಭ್ರಮ. ನಾಗಮಣಿಯ ಪ್ರಬಂಧವೂ ಆ ಭತ್ತದ ಮೇಲೆಯೇ ಸಿದ್ಧವಾಗಿ, ಟೈಪಾಗಿ, ಬೈಂಡಿಂಗಿಗೆಂದು ಮೈಸೂರಿಗೆ ಹೋಯಿತು. ಎರಡು ತಿಂಗಳಿಗೆ ಖಾಯಂ ಹುದ್ದೆಯ ಸಂದರ್ಶನ. ಚಂದಕವಾಡಿಯಲ್ಲಿ ಮಹಾಲಿಂಗ, "ನಮ್ಮಮ್ಮಿ ಭತ್ತ ಬತ್ತದೆ ಕಣ್ಲಾ ಮುಂದಿನ್ ವರ್ಸ" ಎಂದು ಮಗಳ ಹೆಮ್ಮೆಯನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಎಲ್ಲ ಸರಿಯಾಗಿದೆ ಎಂದು ಎಲ್ಲರೂ ಒಪ್ಪಿಕೊಂಡಾಗ ಸುಮ್ಮನಿರಲು ಗಂಗಾಧರಸ್ವಾಮಿಯವರಿಗೆ ಬರುವುದಿಲ್ಲ. ಅವರು ಯಾರಿಗೂ ಹೇಳದೆ ಹನ್ನೆರಡನೇ ಸಾಲಿನ ಒಂದಷ್ಟು ಬೀಜವನ್ನು ಮದ್ದೂರಿನ ಪುಟ್ಟಮಲ್ಲಪ್ಪ ಎಂಬ ರೈತರಿಗೆ ಕೊಟ್ಟು ಬಂದಿದ್ದರು. ಕಾಡಂಚಿನ ಆ ಕೆರೆ ಬಯಲಿನಲ್ಲಿ ಗಾಳಿ, ಮಳೆ, ರೋಗ ಯಾವುದಕ್ಕೂ ಬರವಿಲ್ಲ. ನಾಗಮಣಿಯನ್ನೂ ಕರೆದುಕೊಂಡು ಅಲ್ಲಿಗೆ ಹೋದ ದಿನ ಪುಟ್ಟಮಲ್ಲಪ್ಪ ಬದುವಿನ ಮೇಲೇ ಹಿಡಿದುಕೊಂಡರು.

"ಸ್ವಾಮೀ, ರೋಗ ಬರ್ದೆ ಇರೋ ಭತ್ತ ಅಂತ ಕೊಟ್ಬುಟ್ಟು ಓದ್ರಿ. ಬಂದು ನೋಡಿ, ಬೆಂಕಿ ಬಿದ್ದಂಗದೆ! ದನ ಕೂಡ ಮೂಸಾಕಿಲ್ಲ. ನಮ್ಮಪ್ಪನ ಕಾಲದ ಭತ್ತಾನೇ ಆಕ್ಕಂಡಿದ್ರೆ ಒಂದೊತ್ತಿನ ಊಟಕ್ಕಾದ್ರೂ ಆಗೋದು."

ಗದ್ದೆಯ ತುಂಬ ಹನ್ನೆರಡನೇ ಸಾಲು ತುದಿಯಿಂದ ಬುಡದವರೆಗೆ ಒಣಗಿ ನಿಂತಿತ್ತು. ಗಂಗಾಧರಸ್ವಾಮಿಯವರು ಊಟದ ಡಬ್ಬಿ ತೆಗೆದು, ಚಿತ್ರಾನ್ನವನ್ನು ಬದುವಿನ ಮೇಲೆ ಸುರಿದು, ಗರಿ ತುಂಬಿಕೊಂಡರು.

ಆ ಗರಿಯಿಂದ ಬೆಳೆಸಿದ ದುಂಡಾಣುವಿನ ತಟ್ಟೆಯನ್ನೂ ಕುದೇರಿನ ದುಂಡಾಣುವಿನ ತಟ್ಟೆಯನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಇಟ್ಟು ನೋಡಿದರು. ಮದ್ದೂರಿನದು ಲೋಳೆ ಸುರಿಸುತ್ತ ತಟ್ಟೆಯ ಮುಚ್ಚಳಕ್ಕೂ ಮೆತ್ತಿಕೊಂಡಿತ್ತು. ಕುದೇರಿನದು ಒಣಒಣವಾಗಿ, ಚೊಕ್ಕಟವಾಗಿ ಕುಳಿತಿತ್ತು.

"ನಾಗಮಣಿ, ಇದು ಯಾವಾಗಿಂದ ಹಿಂಗಿದೆ?"

"ಹಿಂಗೆ ಅಂದ್ರೆ ಸಾರ್?"

"ಲೋಳೆ ಇಲ್ದೆ."

"ಅದು ಯಾವಾಗ್ಲೂ ಹಂಗೇ ಇದೆಯಲ್ಲ ಸಾರ್, ನೀಟಾಗಿ" ಎಂದರು ಆಕೆ. ಎಂದ ಮೇಲೆ ಮದ್ದೂರಿನ ತಟ್ಟೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದರು.

ದುಂಡಾಣು ಲಕ್ಷಾಂತರವಾಗಿ ಒಡೆದು ಬೆಳೆಯುವಾಗ ಎಲ್ಲೋ ಒಂದರ ವಂಶವಾಹಿ ಕೆಡುತ್ತದೆ. ಲೋಳೆ ತಯಾರಿಸುವ ವಂಶವಾಹಿಯೇ ಕೆಟ್ಟರೆ ಆ ದುಂಡಾಣು ಗರಿಯೊಳಗೆ ಬಾಳಲಾರದು, ರೋಗ ತರಲಾರದು. ಗದ್ದೆಯಲ್ಲಾಗಿದ್ದರೆ ಅದು ಅಲ್ಲೇ ನಾಶವಾಗುತ್ತಿತ್ತು. ಆದರೆ ಸಕ್ಕರೆ ಪಾಕದ ತಟ್ಟೆಯಲ್ಲಿ ಕೂತಲ್ಲಿಗೇ ಊಟ. ಅಲ್ಲಿ ಉಗ್ರನೂ ಒಂದೇ, ಸಾಧುವೂ ಒಂದೇ. ಹಾಗೆ ಹುಟ್ಟಿದ ಸಪ್ಪೆ ದುಂಡಾಣುವನ್ನೇ ನಾಗಮಣಿ ಅಂದ ನೋಡಿ ಆರಿಸಿ, ಸಾಕಿ, ಮತ್ತೆ ಆರಿಸಿದ್ದರು. ಬೊಟ್ಟಿಗೆ ಅಂಟಿಕೊಂಡು ಬಂದು ನಳಿಕೆಯಲ್ಲಿ ಉಳಿದ ಅಲ್ಪಸ್ವಲ್ಪ ಉಗ್ರ ದುಂಡಾಣುವಿಗೆ ಹಳೆಯ ಭತ್ತ ಕೊಂಚ ಒಣಗುತ್ತಿತ್ತು. ಹನ್ನೆರಡನೇ ಸಾಲು ನಿಜವಾದ ಶತ್ರುವಿನ ಮುಖವನ್ನೇ ಕಂಡಿರಲಿಲ್ಲ.

ಕತ್ತರಿ ಒರೆಸದಿದ್ದರೆ ಕಟ್ಟಡ ಬೀಳುವಂತೆ ಕೂಗಾಡುವ ಮನುಷ್ಯ ಆ ದಿನ ಒಂದು ಮಾತೂ ಬೈಯಲಿಲ್ಲ. ಅದೇ ಆಕೆಗೆ ಹೆದರಿಕೆ ಹುಟ್ಟಿಸಿತು.

"ಥೀಸಿಸ್ ಕೊಡೋ ಹಾಗಿಲ್ಲ ಕಣಮ್ಮಾ" ಎಂದರು ಕೊನೆಗೆ.

"ಬೈಂಡಿಂಗಿಗೆ ಕೊಟ್ಟಾಗಿದೆ ಸಾರ್!"

"ವಾಪಸ್ ತಗಂಡು ಬಾ."

ನಾಗಮಣಿಗೆ ಮೈಯೆಲ್ಲ ಉರಿದುಹೋಯಿತು. "ಡಿಗ್ರಿ ಇಲ್ದೆ ಇಂಟರ್‌ವ್ಯೂಗೆ ಒಳಗೆ ಬಿಟ್ಕೊಂಡಾರಾ? ನಿಮಗೇನು ಸಾರ್, ನಿಮ್ ಕೆಲಸ ಖಾಯಂ, ಕುದೇರಲ್ಲಿ ಗದ್ದೆ ಅದೆ. ನಮ್ಮಪ್ಪ ಈಗ್ಲೂ ಇನ್ನೊಬ್ರ ಗದ್ದೇಲಿ ನಾಟಿ ಆಕ್ತಾವ್ನೆ!"

"ಆ ಇನ್ನೊಬ್ರ ಗದ್ದೇಲೇ ನಾಳೆ ಈ ಭತ್ತ ನಾಟಿ ಆಯ್ತದೆ. ಅದು ಒಣಗಿ ನಿಂತ್ರೆ ನಿಮ್ಮಪ್ಪಂಗೆ ಕುಯ್ಲು ಎಲ್ಲಿ ಸಿಕ್ತದಮ್ಮಾ?"

ನ್ಯಾಯವಾದ ಮಾತು. ಅದು ನ್ಯಾಯವಾಗಿತ್ತೆಂಬುದೇ ಆಕೆಯ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ರಾಜಶೇಖರ್ ಅವರು ಬಂದು, "ಗಂಗಾಧರಸ್ವಾಮಿಯವರೇ, ಯಾರು ನೋಡ್ತಾರೆ ಹೇಳಿ? ಹುಡುಗಿಗೆ ಡಿಗ್ರಿ ಆಗ್ಲಿ, ತಳಿ ಬಿಡುಗಡೆ ಆಗ್ಲಿ, ಮುಂದಿನ ವರ್ಷ ತಿದ್ಕೊಂಡ್ರಾಯ್ತು" ಎಂದು ಸಮಾಧಾನ ಹೇಳಿದರು. ಆ ಕ್ಷಣ ಅದಕ್ಕೆ ಹೂಂಗುಟ್ಟಬೇಕೆಂದು ತನಗೂ ಅನ್ನಿಸಿತ್ತೆಂದು ನಾಗಮಣಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗಂಗಾಧರಸ್ವಾಮಿಯವರು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ತಳಿ ಬಿಡುಗಡೆಯ ಸಮಿತಿ ಸೇರಿದ ದಿನ ಇವರು ಎದ್ದು ನಿಂತು, ಹನ್ನೆರಡನೇ ಸಾಲನ್ನು ಹಿಂತೆಗೆದುಕೊಳ್ಳುತ್ತೇವೆಂದು ಹೇಳಿದರು. ಕಾರಣ ಕೇಳಿದಾಗ, "ದುಂಡಾಣುವನ್ನು ಜೋಪಾನ ಮಾಡುವುದು ನನ್ನ ಹೊಣೆ. ತಪ್ಪು ನನ್ನದು. ಈ ಹುಡುಗಿಗೂ ಇದಕ್ಕೂ ಸಂಬಂಧವಿಲ್ಲ" ಎಂದರು. ಸಭೆಯಲ್ಲಿ ಕೆಲವರು ನಕ್ಕರು. ನಿರ್ದೇಶಕರ ಹುದ್ದೆಗೆ ಹೋಗಬೇಕಾಗಿದ್ದ ಇವರ ಹೆಸರು ಅಂದೇ ಪಟ್ಟಿಯಿಂದ ಜಾರಿತು. ಇದನ್ನು ಇವರ ಔದಾರ್ಯಕ್ಕೆ ನಿದರ್ಶನವೆಂದು ಈ ಗ್ರಂಥದಲ್ಲೇ ಬೇರೆ ಕೆಲವರು ಬರೆದಿರಬಹುದು, ಅದು ಸುಳ್ಳೇನೂ ಅಲ್ಲ.

ಆದರೆ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ನಾಗಮಣಿಗೆ 'ಸಂಬಂಧವಿಲ್ಲ' ಎಂಬ ಮಾತು ಚುಚ್ಚಿದ ಮುಳ್ಳಿನಂತೆ ಉಳಿದುಬಿಟ್ಟಿತು. ತಪ್ಪಿಗೆ ಸಂಬಂಧವಿಲ್ಲದವಳಿಗೆ ಕೆಲಸಕ್ಕೂ ಸಂಬಂಧವಿಲ್ಲ ಎಂದೇ ಅರ್ಥವಲ್ಲವೇ? ಸಮಿತಿಯವರು ಆಕೆಯ ಕಡೆ ನೋಡಿದ ನೋಟವೂ ಹಾಗೆಯೇ ಇತ್ತು, ತಟ್ಟೆ ತೊಳೆದಿಡುವ ಹುಡುಗಿಯನ್ನು ನೋಡಿದಂತೆ.

"ತಪ್ಪು ಮಾಡಿದವಳು ನಾನು ಸಾರ್. ನನ್ನ ಒಂದ್ ಮಾತು ಕೇಳ್ದೆ ನೀವ್ಯಾಕೆ ತಗಂಡ್ರಿ?" ಎಂದು ಹೊರಗೆ ಬಂದ ಮೇಲೆ ಆಕೆ ಕೇಳಿದರು.

"ನಿಂಗಿನ್ನೂ ವಯಸ್ಸದೆ, ಹೆಸರು ಯಾಕೆ ಕೆಡಿಸ್ಕೊತೀಯೆ? ನಡಿ, ಬಸ್ಸು ಓಯ್ತದೆ" ಎಂದರು ಇವರು.

ಖಾಯಂ ಹುದ್ದೆ ಬೇರೆಯವರಿಗೆ ಹೋಯಿತು. ಪ್ರಬಂಧ ಮೊದಲಿಂದ ಶುರು. ನಾಗಮಣಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಅದಕ್ಕೆ ಗಂಗಾಧರಸ್ವಾಮಿಯವರು ಮಾಡಿದ್ದೇನೆಂದರೆ, ಒಂದು ಭಾನುವಾರ ನೇರವಾಗಿ ಚಂದಕವಾಡಿಯ ಅವರ ಮನೆ ಜಗಲಿಗೆ ಬಂದು ಕುಳಿತದ್ದು.

"ಏನ್ ಸ್ವಾಮಿ, ನಮ್ಮಮ್ಮಿ ಇನ್ನೂ ಎಷ್ಟ್ ವರ್ಸ ಓದದು? ಅವ್ಳ ಜೊತೆವ್ರ ಮಕ್ಳು ಇಸ್ಕೂಲ್ಗೆ ಓಯ್ತಾವೆ" ಎಂದು ಮಹಾಲಿಂಗ ನೇರವಾಗಿಯೇ ಕೇಳಿದ.

ಇವರು ಉತ್ತರ ಹೇಳುವ ಬದಲು ದುಂಡಾಣುವಿನ ವಂಶವಾಹಿಗಳ ಪಾಠವನ್ನೇ ಬಿಚ್ಚಿದರು. ಮಹಾಲಿಂಗ ಕಂಬಕ್ಕೆ ಒರಗಿ ನಿದ್ದೆಹೋದ. ಗುರುಮಲ್ಲಮ್ಮ ಬಡಿಸಿದ ಮುದ್ದೆ, ಉಪ್ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಹೊರಡುವಾಗ ನಾಗಮಣಿಗೆ ಹೇಳಿದ್ದು ಇಷ್ಟು: "ಯಾವ ವಂಶವಾಹಿ ಕೆಟ್ಟು ಅದು ಸಪ್ಪೆ ಆಯ್ತು ಅಂತ ಕಂಡುಹಿಡಿ. ಇಂಥ ದುಂಡಾಣು ಬೇಕೂಂತ ಹುಡುಕಿದ್ರೂ ಸಿಕ್ಕಲ್ಲ, ನೀನು ಮೂರು ವರ್ಷ ಕೂತು ಮಾಡಿಟ್ಟಿದ್ದೀಯ."

ಅದು ಹೊಗಳಿಕೆಯೋ ಮೂದಲಿಕೆಯೋ ತಿಳಿಯದೆ ಆಕೆ ಸೋಮವಾರ ಕೆಲಸಕ್ಕೆ ಹಾಜರಾದರು.

ಆ ಕೆಲಸಕ್ಕೆ ಬೇಕಾದ ಸಲಕರಣೆ ನಮ್ಮಲ್ಲಿ ಎಲ್ಲಿಂದ ಬರಬೇಕು? ಇವರು ಎಸ್‌ಟಿಡಿ ಬೂತಿನಿಂದ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಎಷ್ಟು ಸಲ ಫೋನ್ ಹಚ್ಚಿದರೆಂದರೆ, ಫೋನ್ ನಿಂತರೆ ಸಾಕೆಂದೇ ಅಲ್ಲಿಯವರು ನಾಗಮಣಿಗೆ ಮೇಜು ಕೊಟ್ಟಿರಬೇಕು. ಅಲ್ಲಿ ಆಕೆ ಮದ್ದೂರಿನ ದುಂಡಾಣುವಿನ ಡಿಎನ್‌ಎಯನ್ನು ತುಂಡುತುಂಡು ಮಾಡಿ, ಒಂದೊಂದನ್ನೇ ಸಪ್ಪೆ ದುಂಡಾಣುವಿಗೆ ಸೇರಿಸುತ್ತ, ಯಾವ ತುಂಡು ಸೇರಿದಾಗ ಲೋಳೆ ಮರಳುತ್ತದೆ ಎಂದು ಹುಡುಕಿದರು. ತಟ್ಟೆಯಲ್ಲಿ ರಾಡಿ ಕಂಡರೆ ಮೂಗು ಮುರಿಯುತ್ತಿದ್ದವರು ಈಗ ರಾಡಿಗಾಗಿಯೇ ಕಾದು ಕುಳಿತರು. ಬಹಳ ಕಾದ ಮೇಲೆ ಒಂದು ತಟ್ಟೆಯಲ್ಲಿ ಒಂದು ಬೊಟ್ಟು ಒದ್ದೆಯಾಗಿ ಹರಿಯಿತು.

ಅದನ್ನು ಊರಿಗೆ ತಂದು ಹಳೆಯ ಭತ್ತದ ಗರಿಗೆ ಕತ್ತರಿ ಹಾಕಿದ್ದು ತೊಂಬತ್ತೇಳರಲ್ಲಿ, ಚಾಮರಾಜನಗರ ಹೊಸ ಜಿಲ್ಲೆಯಾದ ಸಂಭ್ರಮದಲ್ಲಿ ಊರೆಲ್ಲ ಮೈಮರೆತಿದ್ದ ಹೊತ್ತಿನಲ್ಲಿ. ಎರಡು ವಾರಕ್ಕೆ ಗರಿ ಮುಕ್ಕಾಲು ಪಾಲು ಒಣಗಿತ್ತು. ಕಳೆದುಹೋದ ಒಂದು ತುಂಡು ಮರಳಿದ್ದಕ್ಕೇ ಸಾಧು ಮತ್ತೆ ಉಗ್ರನಾಗಿದ್ದ! ಒಣಗಿದ ಗರಿ ನೋಡಿ ನಾಗಮಣಿ ಕುಣಿದಾಡುವುದೊಂದು ಬಾಕಿ. ಗಂಗಾಧರಸ್ವಾಮಿಯವರು ಬಗ್ಗಿ ನೋಡಿ, "ಸ್ಕೇಲ್ ವಾರೆ ಹಿಡಿದಿದ್ದೀಯ" ಎಂದರು.

ಮರುವರ್ಷ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ. ಸಭಾಂಗಣ ತುಂಬಿತ್ತು. ತನ್ನ ಮಗಳನ್ನು ಏನೇನು ಕೇಳುತ್ತಾರೋ ನೋಡೋಣವೆಂದು ಮಹಾಲಿಂಗನೂ ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದ. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಮೊದಲ ಮೂರು ವರ್ಷ ಸಪ್ಪೆ ದುಂಡಾಣುವನ್ನೇ ಇಟ್ಟುಕೊಂಡು ಪರೀಕ್ಷೆ ನಡೆಸಿದ್ದೀರಿ. ಅದು ಹೇಗಾಯಿತು?"

ಗಂಗಾಧರಸ್ವಾಮಿಯವರು ಮುಂದಿನ ಸಾಲಿನಿಂದ ಅರ್ಧ ಎದ್ದಾಗಿತ್ತು. "ಅದು ನನ್ನ..."

"ಸಾರ್, ನೀವು ಕೂತ್ಕೊಳ್ಳಿ. ಪ್ರಶ್ನೆ ಕೇಳಿರೋದು ನನ್ನನ್ನ."

ನಾಗಮಣಿ ಪರೀಕ್ಷಕರ ಕಡೆ ತಿರುಗಿದರು. "ನಳಿಕೆ ದಾಟಿಸುತ್ತಿದ್ದವಳು ನಾನು. ಲೋಳೆ ಕಂಡರೆ ನನಗೆ ಆಗುತ್ತಿರಲಿಲ್ಲ, ಒಣಗಿದ ಬೊಟ್ಟನ್ನೇ ಆರಿಸುತ್ತಿದ್ದೆ. ಎಲ್ಲೋ ಒಂದಿದ್ದ ಸಪ್ಪೆ ದುಂಡಾಣುವನ್ನು ನಳಿಕೆಯ ತುಂಬ ಮಾಡಿದವಳು ನಾನೇ. ಸಾರ್ ಅದನ್ನು ತಮ್ಮ ತಪ್ಪು ಅಂತ ಹೇಳಿಕೊಂಡು ಬಂದಿದ್ದಾರೆ. ಆದರೆ ಈ ಪ್ರಬಂಧ ಹುಟ್ಟಿರುವುದೇ ಆ ತಪ್ಪಿನಿಂದ. ಅದನ್ನು ಅವರಿಗೆ ಬಿಟ್ಟುಕೊಟ್ಟರೆ ಇದನ್ನೂ ಅವರಿಗೇ ಬಿಟ್ಟುಕೊಡಬೇಕಾಗುತ್ತದೆ. ಕೊಡಲ್ಲ."

ಗಂಗಾಧರಸ್ವಾಮಿಯವರು ಕುಳಿತುಕೊಂಡರು. ಅವರಿಗೆ ಒಬ್ಬರು ಕುಳಿತುಕೊಳ್ಳಿ ಎಂದದ್ದು, ಅದನ್ನು ಕೇಳಿ ಅವರು ಕುಳಿತದ್ದು, ಎರಡೂ ಈ ಇಲಾಖೆಯ ನೆನಪಿನಲ್ಲಿ ಅದೇ ಮೊದಲು. ಪರೀಕ್ಷಕರು ಕನ್ನಡಕ ಹಾಕಿಕೊಂಡು, ಡಾಕ್ಟರೇಟಿಗೆ ರುಜು ಹಾಕಿದರು.

ನಾಗಮಣಿ ಈಗ ಅದೇ ಉಪಕೇಂದ್ರದಲ್ಲಿ ಖಾಯಂ ವಿಜ್ಞಾನಿ. ಹನ್ನೆರಡನೇ ಸಾಲು ಯಾರ ಗದ್ದೆಗೂ ಹೋಗಲಿಲ್ಲ. ನಿವೃತ್ತಿಯ ಮರುವಾರವೇ ಗಂಗಾಧರಸ್ವಾಮಿಯವರು ಗರಿ ತುಂಬಿದ ಡಬ್ಬಿಯೊಂದಿಗೆ ಆಕೆಯ ಪ್ರಯೋಗಾಲಯಕ್ಕೆ ಬಂದು, ತಮಗೊಂದು ಮೇಜು ಬೇಕೆಂದು ಕೇಳಿದರಂತೆ. ಕೊಡುತ್ತೇನೆ, ಆದರೆ ಇನ್ನು ಮುಂದೆ ನಿಮ್ಮ ತಪ್ಪು ನಿಮಗೆ, ನನ್ನ ತಪ್ಪು ನನಗೆ, ಅದನ್ನು ಒಪ್ಪಿಕೊಳ್ಳಿ ಎಂದು ಆಕೆ ಷರತ್ತು ಹಾಕಿದ್ದಾರೆ. ಇವರು ಮೇಜಿನ ಮುಂದೆ ಕುಳಿತಾಗಿದೆ, ಕೆಲಸವೂ ಶುರುವಾಗಿದೆ, ಷರತ್ತಿಗೆ ಮಾತ್ರ ಇನ್ನೂ ಒಪ್ಪಿಲ್ಲ. ಒಪ್ಪುವ ದಿನದವರೆಗೂ ಭಗವಂತ ಇವರ ಆಯುರಾರೋಗ್ಯವನ್ನು ಗಟ್ಟಿಯಾಗಿಟ್ಟಿರಲಿ. ಇವರ ಹಠವನ್ನು ಬಲ್ಲವರಿಗೆ, ಇದು ನೂರು ವರ್ಷವನ್ನೂ ಮೀರಿದ ಹಾರೈಕೆಯೆಂದು ಬೇರೆ ಹೇಳಬೇಕಾಗಿಲ್ಲ.